ಬ್ಲೌಸಿನ ಕತ್ತು ಎಷ್ಟು ಇಳಿಸಬೇಕು: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟೀ,

ನಿನ್ನ ಮೆಸೇಜಿಗೆ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಈ ವಿಷಯ ಬಂದಾಗ ನೀನು "ಆಯ್ತು ಬಿಡಮ್ಮಾ" ಅಂತ ಮಾತು ಮುಗಿಸಿಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು.

ನೀನು ಕೇಳಿದ್ದು ಎರಡು. ಅಕ್ಕನ ಮದುವೆಗೆ ಬ್ಲೌಸಿನ ಕತ್ತು ಗಂಟಲಿನವರೆಗೆ ಏರಿಸಿ ಹೊಲಿಸಲಾ ಅಂತ ಒಂದು. ಎದೆಯ ಆಪರೇಷನ್ ಗುರುತನ್ನು ಲೇಸರ್ ಮಾಡಿಸಿ ತೆಗೆಸಿಬಿಟ್ಟರೆ ಹೇಗೆ ಅಂತ ಇನ್ನೊಂದು.

ಬ್ಲೌಸಿನ ಮಾತು ಮೊದಲು. ನಿನಗೆ ಮೇಲಿನ ಕತ್ತು ಚಂದ ಕಾಣುತ್ತದೆ ಅಂತಿದ್ದರೆ ಖಂಡಿತ ಹೊಲಿಸು. ಬದಿಯಡ್ಕದ ಟೈಲರಿಗೆ ನಾನೇ ಹೇಳುತ್ತೇನೆ. ಆದರೆ ಅತ್ತೆ ಹೇಳಿದರು ಅಂತ ಹೊಲಿಸುವುದಾದರೆ ಬೇಡ. "ವಿಡಿಯೋದವರು ಇರ್ತಾರೆ, ನಾಲ್ಕು ಜನ ನೋಡ್ತಾರೆ, ನಾಳೆ ಇವಳಿಗೂ ಒಂದು ಸಂಬಂಧ ಬರ್ಬೇಕಲ್ವಾ" ಅಂತ ಅವರು ನನ್ನ ಹತ್ತಿರವೂ ಹೇಳಿದ್ದಾರೆ. ನಿನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ್ದು, ನನಗೆ ಗೊತ್ತು. ಆದರೂ ಸಿಟ್ಟು ಬಂತು. ಯಾಕೆ ಅಂತ ಹೇಳುತ್ತೇನೆ.

ನಮ್ಮ ಕಡೆ ದೇವಸ್ಥಾನದಲ್ಲಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗುವುದು. ಮಧೂರಿನಲ್ಲಿ ಪೂಜೆಯ ಹೊತ್ತಿಗೆ ನಿಂತು ಒಮ್ಮೆ ನೋಡು. ಶಾಲಿನ ಸಂದಿಯಲ್ಲಿ ನಿನ್ನದೇ ಗುರುತು ಇರುವವರು ಕಾಣಿಸುತ್ತಾರೆ. ಬೈಪಾಸ್ ಆದ ಅಜ್ಜಂದಿರು, ಮಾವಂದಿರು. ಗಂಟಲಿನ ಗುಳಿಯಿಂದ ಸ್ವಲ್ಪ ಕೆಳಗೆ ಶುರುವಾಗಿ ಹೊಟ್ಟೆಯ ಹತ್ತಿರದವರೆಗೆ ನೇರ ಗೆರೆ. ಅದೇ ಎಲುಬು ಕೊಯ್ದದ್ದು, ಅದೇ ತಂತಿ ಕಟ್ಟಿದ್ದು. ಅವರನ್ನು ಯಾರೂ ಮುಚ್ಚಿಕೊಳ್ಳಿ ಅನ್ನುವುದಿಲ್ಲ. ನಮ್ಮ ದೊಡ್ಡಮಾವನಂತೂ ಊಟದ ಪಂಕ್ತಿಯಲ್ಲಿ ಕೂತು, ಕಾಲಿನಿಂದ ಯಾವ ನರ ತೆಗೆದರು, ಎದೆಗೆ ಎಲ್ಲಿ ಜೋಡಿಸಿದರು ಅಂತ ಪಾಯಸ ಬರುವವರೆಗೆ ವಿವರಿಸುತ್ತಾರೆ. ಕೇಳಿದವರು "ಗಟ್ಟಿ ಜೀವ ನಿಮ್ಮದು" ಅನ್ನುತ್ತಾರೆ. ಅದೇ ಗೆರೆ ಹುಡುಗಿಯ ಎದೆಯಲ್ಲಿ ಇದ್ದರೆ "ಪಾಪ" ಆಗಿಬಿಡುತ್ತದೆ. ಹಾಗಾದರೆ ಜನರಿಗೆ ತೊಂದರೆ ಆಗುತ್ತಿರುವುದು ಆ ಗೆರೆಯಿಂದ ಅಲ್ಲ. ಹುಡುಗಿ ಅಂದರೆ ಒಂದು ಗೀರೂ ಇಲ್ಲದೆ ಇರಬೇಕು ಅನ್ನುವ ಲೆಕ್ಕಾಚಾರ ಅವರದು. ಆ ಲೆಕ್ಕಕ್ಕೆ ಸರಿಯಾಗಿ ನೀನು ಬ್ಲೌಸ್ ಹೊಲಿಸುವುದು ನನಗೆ ಇಷ್ಟವಿಲ್ಲ.

ನಿನಗೆ ಏನಾಗಿತ್ತು ಅಂತ ಚೂರು ಚೂರಾಗಿ ಗೊತ್ತುಂಟು. ಈಗ ಪೂರ್ತಿ ಕೇಳು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಹುಟ್ಟಿನಿಂದಲೇ ತೂತು ಇತ್ತು. ಎಡಗಡೆಯ ಶುದ್ಧ ರಕ್ತ ಬಲಗಡೆಗೆ ಸೋರಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತಿತ್ತು. ಅದಕ್ಕೇ ನಿನಗೆ ಪದೇ ಪದೇ ಕಫ, ಜ್ವರ. ತೂಕ ಏರುತ್ತಲೇ ಇರಲಿಲ್ಲ. ತೋಟದ ಗುಡ್ಡ ಹತ್ತುವಾಗ ಅರ್ಧದಲ್ಲೇ ಕೂತುಬಿಡುತ್ತಿದ್ದೆ. ಶಾಲೆಗೆ ಬಂದ ಡಾಕ್ಟರ್ ಸ್ಟೆತಾಸ್ಕೋಪ್ ಇಟ್ಟು ಏನೋ ಶಬ್ದ ಕೇಳುತ್ತದೆ ಅಂದರು. ಅಲ್ಲಿಂದ ಮಂಗಳೂರಿಗೆ ಹೋಗಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಆಮೇಲೆ ಮಾವೇಲಿ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರದ ಶ್ರೀಚಿತ್ರಾ ಆಸ್ಪತ್ರೆ.

"ತೊಡೆಯ ರಕ್ತನಾಳದಿಂದ ಪೈಪ್ ತೂರಿಸಿ ಮುಚ್ಚಳ ಹಾಕ್ತಾರಂತೆ, ನಂಗೆ ಯಾಕೆ ಹಾಗೆ ಮಾಡಿಸಲಿಲ್ಲ?" ಅಂತ ನೀನು ಹೈಸ್ಕೂಲಿನಲ್ಲಿರುವಾಗ ಕೇಳಿದ್ದೆ. ಎಲ್ಲ ತೂತಿಗೂ ಅದು ಆಗುವುದಿಲ್ಲ. ಮುಚ್ಚಳ ಹಿಡಿದು ನಿಲ್ಲಲು ಸುತ್ತ ಅಂಚು ಬೇಕು. ನಿನ್ನ ತೂತು ಇದ್ದದ್ದು ತೀರಾ ಮೇಲ್ಗಡೆ, ದೇಹದ ಮೇಲ್ಭಾಗದ ರಕ್ತ ತರುವ ದೊಡ್ಡ ನಾಳ ಹೃದಯಕ್ಕೆ ಸೇರುವ ಜಾಗದಲ್ಲಿ. ಶ್ವಾಸಕೋಶದಿಂದ ಬರುವ ಒಂದು ನಾಳವೂ ತಪ್ಪು ಕಡೆಗೆ ಸೇರಿಕೊಂಡಿತ್ತು. ಎದೆ ತೆರೆಯದೆ ದಾರಿ ಇರಲಿಲ್ಲ. ಪಕ್ಕೆಯಿಂದ ಕೊಯ್ಯಬಹುದಾ ಅಂತ ಅಪ್ಪ ಕೇಳಿದ್ದರು, ಗುರುತು ಮರೆಯಾಗಲಿ ಅಂತ. ಚಿಕ್ಕ ಹುಡುಗಿಗೆ ಅಲ್ಲಿ ಕೊಯ್ದರೆ ಮುಂದೆ ಆ ಕಡೆಯ ಎದೆ ಬೆಳೆಯುವುದಕ್ಕೆ ತೊಂದರೆ ಆಗಬಹುದು, ನಡುವಿನಿಂದ ಮಾಡಿದರೆ ನಮಗೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ ಅಂದರು ಡಾಕ್ಟರ್. ಅಷ್ಟು ಕೇಳಿದ ಮೇಲೆ ನಮಗೆ ಬೇರೆ ಯೋಚನೆ ಬರಲಿಲ್ಲ.

ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಕೊಯ್ದು ಬಿಡಿಸಿದರು. ರಕ್ತವನ್ನು ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರಕ್ಕೆ ತಿರುಗಿಸಿ ನಿನ್ನ ಹೃದಯವನ್ನು ನಿಲ್ಲಿಸಿದರು. ಹೃದಯದ ಸುತ್ತ ಇರುವ ನಿನ್ನದೇ ಪೊರೆಯ ಒಂದು ತುಂಡು ಕತ್ತರಿಸಿ ತೂತಿಗೆ ತೇಪೆ ಹೊಲಿದರು. ಹೃದಯ ಮತ್ತೆ ಬಡಿಯತೊಡಗಿದ ಮೇಲೆ ಎಲುಬನ್ನು ಸ್ಟೀಲ್ ತಂತಿಯಿಂದ ಬಿಗಿದರು. ಆ ತಂತಿ ಈಗಲೂ ಒಳಗೇ ಉಂಟು, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣುತ್ತದೆ. ಗೆರೆಯ ಕೆಳಗೆ ಎರಡು ಗುಂಡು ಗುರುತು ಇದೆಯಲ್ಲ, ಅದು ಒಳಗಿನ ನೀರು, ರಕ್ತ ಹೊರಗೆ ಹೋಗಲು ಇಟ್ಟ ಪೈಪಿನದು.

ಇಂಥ ಯಂತ್ರ ಇಟ್ಟು ಮಾಡಿದ ಮೊದಲ ಯಶಸ್ವಿ ಹೃದಯ ಆಪರೇಷನ್ 1953ರ ಮೇ 6ರಂದು, ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಮಾಡಿದವರು ಜಾನ್ ಗಿಬ್ಬನ್ ಅನ್ನುವ ಡಾಕ್ಟರ್. ರೋಗಿ 18 ವರ್ಷದ ಹುಡುಗಿ. ಅವಳಿಗೂ ಇದ್ದದ್ದು ಮೇಲಿನ ಕೋಣೆಗಳ ನಡುವಿನ ತೂತೇ. 26 ನಿಮಿಷ ಅವಳ ಹೃದಯ, ಶ್ವಾಸಕೋಶದ ಕೆಲಸವನ್ನು ಯಂತ್ರವೇ ಪೂರ್ತಿ ನಡೆಸಿತು. ಇದನ್ನು ಓದಿದಾಗ ನನಗೆ ಆ ಹುಡುಗಿಯ ಅಮ್ಮನ ನೆನಪೇ ಬಂತು. ನಮಗಾದರೆ "ಇದು ದಿನಾ ಮಾಡುವ ಆಪರೇಷನ್, ಹೆದರಬೇಡಿ" ಅನ್ನುವವರು ಇದ್ದರು. ಆ ತಾಯಿಗೆ ಹಾಗೆ ಹೇಳಲು ಯಾರಿಗೂ ಸಾಧ್ಯವಿರಲಿಲ್ಲ.

ಡಿಸ್ಚಾರ್ಜ್ ದಿನ ನರ್ಸ್ ನಮಗೆ ನಿನ್ನನ್ನು ಎತ್ತುವುದು ಹೇಗೆ ಅಂತ ಹೊಸದಾಗಿ ಕಲಿಸಿದರು. ಕಂಕುಳಿಗೆ ಕೈ ಹಾಕಿ ಎತ್ತುವ ಹಾಗಿಲ್ಲ, ಎಲುಬು ಕೂಡಿಕೊಳ್ಳುವವರೆಗೆ. ಒಂದು ಕೈ ಬೆನ್ನಿಗೆ, ಒಂದು ಕೈ ಕುಂಡೆಯ ಕೆಳಗೆ. ಅಪ್ಪನಿಗೆ ನಿನ್ನನ್ನು ಕಂಕುಳಲ್ಲಿ ಹಿಡಿದು ಮೇಲಕ್ಕೆ ಹಾರಿಸಿಯೇ ಅಭ್ಯಾಸ. ನೀನು ಓಡಿ ಬಂದು ಎರಡೂ ಕೈ ಮೇಲೆತ್ತಿದಾಗಲೆಲ್ಲ ಅವರ ಕೈ ಅರ್ಧಕ್ಕೆ ನಿಲ್ಲುತ್ತಿತ್ತು. ಮತ್ತೆ ಮೊಣಕಾಲೂರಿ ಕೂತು, ಬೆನ್ನಿಗೆ ಕೈ ಕೊಟ್ಟು, ಮೆಲ್ಲಗೆ ಎತ್ತುತ್ತಿದ್ದರು. ಕೆಮ್ಮು ಬಂದರೆ ನಿನಗೆ ಅಪ್ಪಿಕೊಳ್ಳಲು ಒಂದು ತಲೆದಿಂಬು. ಅದನ್ನು ಎದೆಗೆ ಒತ್ತಿ ಹಿಡಿದು ಕೆಮ್ಮಿದರೆ ನೋವು ಕಮ್ಮಿ. ಆ ದಿಂಬನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ ನೀನು.

ಈಗ ಲೇಸರ್. ಪೂರ್ತಿ ಅಳಿಸಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಬಣ್ಣ ತಿಳಿಯಾಗಬಹುದು, ಉಬ್ಬು ತಗ್ಗಬಹುದು, ಗೆರೆ ಇದ್ದೇ ಇರುತ್ತದೆ. ಎದೆಯ ನಡುವಿನ ಚರ್ಮಕ್ಕೆ ಗಾಯ ದಪ್ಪಗೆ ಉಬ್ಬುವ ಗುಣ ಜಾಸ್ತಿ. ನಿನ್ನದರ ಮೇಲಿನ ತುದಿ ಹಾಗೇ ಆಗಿದೆ, ಸೆಕೆಗಾಲದಲ್ಲಿ ತುರಿಕೆ ಬರುವುದೂ ಅಲ್ಲೇ. ಅದಕ್ಕೆ ಸಿಲಿಕೋನ್ ಜೆಲ್ ಉಂಟು, ಗುರುತಿನ ಒಳಗೇ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಉಂಟು. ಬರೀ ಕೊಯ್ದು ತೆಗೆದರೆ ಮೊದಲಿಗಿಂತ ದೊಡ್ಡದಾಗಿ ಬೆಳೆಯುವುದೂ ಇದೆ. ಚರ್ಮದ ಡಾಕ್ಟರಿಗೆ ತೋರಿಸಿ ನೀನೇ ತೀರ್ಮಾನ ಮಾಡು. ಯೂಟ್ಯೂಬ್ ನೋಡಿ ಕ್ರೀಮ್ ತರಿಸಬೇಡ. ಕಡಿಮೆ ಮಾಡಿಸಿಕೊಂಡರೆ ನೀನು ನಾಚಿಕೊಂಡೆ ಅಂತ ನಾನು ತಿಳಿಯುವುದಿಲ್ಲ. ಹಾಗೇ ಬಿಟ್ಟರೆ ಧೈರ್ಯವಂತೆ ಅಂತ ಹೊಗಳುವುದೂ ಇಲ್ಲ. ಮೈ ನಿನ್ನದು.

ಹಾಸ್ಟೆಲಿನಲ್ಲಿ ಯಾರೋ "ಅದೆಂತ ಆದದ್ದು?" ಅಂತ ಕೇಳಿದರು, ನೀನು ದುಪಟ್ಟಾ ಎಳೆದುಕೊಂಡೆ ಅಂದೆಯಲ್ಲ. "ಚಿಕ್ಕವಳಿರುವಾಗ ಹಾರ್ಟ್ ಆಪರೇಷನ್ ಆಗಿತ್ತು, ಈಗ ಆರಾಮಿದ್ದೇನೆ" ಅಂದರೆ ಸಾಕು. ಹೇಳುವ ಮನಸ್ಸಿಲ್ಲದಿದ್ದರೆ ಅದನ್ನೂ ಹೇಳಬೇಕಾಗಿಲ್ಲ. ಆದರೆ ಕೆಲವರು ಕೇಳುವುದು ಬೇರೆ ಕಾರಣಕ್ಕೆ. ನೀರ್ಚಾಲಿನಲ್ಲಿ ನಮ್ಮ ಹಿಂದಿನ ಮನೆಯ ಕೂಸಿಗೂ ಹೃದಯದಲ್ಲಿ ತೂತು ಅಂತ ಗೊತ್ತಾಗಿದೆ. ಮಕ್ಕಳ ಹೃದಯದ ಚಿಕಿತ್ಸೆಗೆ ಕೇರಳ ಸರ್ಕಾರ 2017ರಲ್ಲಿ ಶುರುಮಾಡಿದ ಹೃದ್ಯಂ ಯೋಜನೆಯಲ್ಲಿ ಹೆಸರು ಬರೆಸಿದ್ದಾರೆ. ನಿನ್ನ ಕಾಲಕ್ಕೆ ಅದು ಇರಲಿಲ್ಲ. ಆ ಹುಡುಗಿ, ಕೂಸಿನ ಅಮ್ಮ, ನಿನಗಿಂತ ಹೆಚ್ಚು ದೊಡ್ಡವಳಲ್ಲ. ಗಾಯ ಎಷ್ಟು ದೊಡ್ಡದಿರುತ್ತದೆ ಅಂತ ನನ್ನ ಹತ್ತಿರ ಕೇಳಿದಳು. ನಾನು ಬೆರಳಲ್ಲಿ ತೋರಿಸಿದೆ. ನಿನ್ನ ಫೋಟೋ ಇತ್ತು, ನಿನ್ನನ್ನು ಕೇಳದೆ ತೋರಿಸಲಿಲ್ಲ. ಊರಿಗೆ ಬಂದಾಗ ಮನಸ್ಸಾದರೆ ಅವಳ ಹತ್ತಿರ ಹೋಗಿ ಕೂತು ಮಾತಾಡು. ಅವಳಿಗೆ ಡಾಕ್ಟರ್ ಹೇಳುವುದಕ್ಕಿಂತ ನಿನ್ನನ್ನು ಕಣ್ಣಾರೆ ನೋಡುವುದು ಹೆಚ್ಚು ಸಮಾಧಾನ ಕೊಡುತ್ತದೆ.

ಮದುವೆಯ ಮಾತು ಈಗ ಬೇಡ, ನೀನು ಓದು. ಆದರೆ ಯಾವತ್ತು ಬಂದರೂ ನಾವು ಮುಚ್ಚಿಟ್ಟು ಮಾತಾಡುವುದಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಚಿಕ್ಕ ವಯಸ್ಸಿನಲ್ಲೇ ಈ ತೂತು ಮುಚ್ಚಿಸಿಕೊಂಡವರು ಉಳಿದವರ ಹಾಗೇ ಬದುಕುತ್ತಾರೆ, ಮಕ್ಕಳನ್ನೂ ಹೆರುತ್ತಾರೆ. ಬಸುರಿಯಾಗುವ ಮೊದಲು ಒಮ್ಮೆ ಹೃದಯದ ಡಾಕ್ಟರಿಗೆ ತೋರಿಸಬೇಕು, ಅಷ್ಟೇ. ಆ ಗೆರೆ ನೋಡಿ ಹಿಂದೆ ಸರಿಯುವವನು ಮೊದಲೇ ಸರಿಯಲಿ.

ಒಂದು ವಿಷಯದಲ್ಲಿ ಮಾತ್ರ ನಾನು ಬಿಡುವವಳಲ್ಲ. ಗುಣವಾಗಿದೆ ಅಂತ ಚೆಕಪ್ ತಪ್ಪಿಸಬಾರದು. ಇಂಥ ಆಪರೇಷನ್ ಆದವರಿಗೆ ವರ್ಷಗಳಾದ ಮೇಲೆ ಬಡಿತದ ಲಯ ತಪ್ಪುವುದುಂಟು. ಸುಮ್ನೆ ಕೂತಿರುವಾಗ ಎದೆ ಜೋರಾಗಿ ಬಡಿದರೆ, ತಲೆ ತಿರುಗಿದರೆ, ಪರೀಕ್ಷೆ ಮುಗಿಯಲಿ ಅಂತ ಕಾಯಬೇಡ, ಅವತ್ತೇ ಇಸಿಜಿ ಮಾಡಿಸು. ಹಲ್ಲಿನ ಸೋಂಕು ರಕ್ತದಲ್ಲಿ ಹೃದಯಕ್ಕೂ ತಲುಪಬಹುದು, ಹಲ್ಲು ಚೆನ್ನಾಗಿ ನೋಡಿಕೋ. ಹಲ್ಲಿನ ಡಾಕ್ಟರ್ ಹತ್ತಿರ ಹೋದಾಗಲೂ ಆಪರೇಷನ್ ಆದದ್ದನ್ನು ಮೊದಲೇ ಹೇಳಿಬಿಡು. ಡಿಸ್ಚಾರ್ಜ್ ಸಮ್ಮರಿಯ ಜೆರಾಕ್ಸ್ ಈ ಪತ್ರದ ಜೊತೆ ಇಟ್ಟಿದ್ದೇನೆ, ಫೋಟೋ ತೆಗೆದು ಮೊಬೈಲಿನಲ್ಲೂ ಇಟ್ಟುಕೋ. ಈ ಸಲದ ಎಕೋಗೆ ಮಂಗಳೂರಿನಲ್ಲಿ ಮದುವೆಯ ಮರುವಾರಕ್ಕೆ ಹೇಳಿಟ್ಟಿದ್ದೇವೆ. ರಜೆ ಹಾಕುವಾಗ ಅದನ್ನೂ ಸೇರಿಸಿ ಹಾಕು. ಟೈಲರ್ ಅಳತೆ ಕೇಳುತ್ತಿದ್ದಾರೆ, ಕತ್ತು ಎಷ್ಟು ಅಂತ ಭಾನುವಾರದೊಳಗೆ ತಿಳಿಸು.

ನಿನ್ನ
ಅಮ್ಮ