ಬಿಟ್ಟು ಹೊರಟವಳ ಕುರಿತು ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಹುಡುಗಿ ರಾಜೀನಾಮೆ ಕೊಟ್ಟಳೆಂದೂ, ಸಂಬಳ ಹೆಚ್ಚಿಸುತ್ತೇನೆಂದರೂ ನಿಲ್ಲಲೊಪ್ಪಲಿಲ್ಲವೆಂದೂ ನಿನ್ನೆ ಫೋನಿನಲ್ಲಿ ನೀನು ಹೇಳಿದೆ. ‘ಉಪಕಾರಸ್ಮರಣೆಯೇ ಇಲ್ಲದ ಜನ’ ಎಂದು ನೀನು ಸಿಡುಕಿದಾಗ ನಾನು ಮಾತು ಮೊಟಕುಗೊಳಿಸಿದ್ದು ನಿನಗೆ ನೋವಾಗಿದ್ದರೆ ಕ್ಷಮಿಸು. ಮುಂದುವರಿದಿದ್ದರೆ ಜಗಳವಾಗುತ್ತಿತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಯಾರ ಹಂಗೂ ಇಲ್ಲದೆ ಸಂಸ್ಥೆ ಕಟ್ಟಿ, ಇಷ್ಟು ಜನರಿಗೆ ತಿಂಗಳು ತಪ್ಪದೆ ಸಂಬಳ ಕೊಡುತ್ತಿರುವೆಯೆಂಬ ಹೆಮ್ಮೆ ನನಗಿದೆ, ಎದುರಿಗೆ ಹೇಳುವ ಅಭ್ಯಾಸವಿಲ್ಲ ಅಷ್ಟೆ. ಆದರೆ ಸಂಬಳ ಕೊಟ್ಟರೆ ಸಿಬ್ಬಂದಿ ನಿರ್ವಹಣೆ ಮುಗಿಯಿತೆಂದು ನೀನು ಭಾವಿಸಿದ್ದೀಯೇನೋ ಎಂಬ ಅಳುಕೂ ಇದೆ.

ನಾನು ಸಿಬ್ಬಂದಿ ವಿಭಾಗದಲ್ಲಿದ್ದಾಗ ಉಗ್ರಾಣ ನೋಡಿಕೊಳ್ಳುತ್ತಿದ್ದವರೊಬ್ಬರು ರಾಜೀನಾಮೆ ತಂದರು. ಕಾರಣ ‘ವೈಯಕ್ತಿಕ’ ಎಂದಿತ್ತು. ಅವರ ಕಡತ ತೆರೆದರೆ ಪ್ರತಿ ವರ್ಷದ ಮೌಲ್ಯಮಾಪನದಲ್ಲೂ ‘ತೃಪ್ತಿಕರ’ ಎಂಬ ಒಂದೇ ಪದ, ಕೆಳಗೆ ಮೇಲಧಿಕಾರಿಯ ರುಜು. ನೌಕರರ ಅಭಿಪ್ರಾಯಕ್ಕೆಂದು ಬಿಟ್ಟ ಜಾಗ ಎಲ್ಲ ಹಾಳೆಗಳಲ್ಲೂ ಖಾಲಿ. ನೇಮಕಾತಿ ಪತ್ರದ ಪ್ರಕಾರ ಅವರದು ದಾಸ್ತಾನಿನ ಕೆಲಸ ಮಾತ್ರ. ಆದರೆ ಪೂರೈಕೆದಾರರೊಡನೆ ವ್ಯವಹರಿಸುವುದು, ಹೊಸಬರನ್ನು ತಯಾರು ಮಾಡುವುದು ಎಲ್ಲವೂ ಅವರ ತಲೆಗೇ ಬಂದಿತ್ತು, ಹಾಗೆ ತಯಾರಾದವನೊಬ್ಬ ಬಡ್ತಿ ಪಡೆದು ಅವರಿಗೇ ಮೇಲಧಿಕಾರಿಯಾಗಿದ್ದ. ಮೊದಲೇ ಹೇಳಬಹುದಿತ್ತಲ್ಲ ಎಂದೆ. ‘ಅದಕ್ಕೆ ಯಾವ ಅರ್ಜಿ ತುಂಬಬೇಕಿತ್ತು, ಮೇಡಂ?’ ಎಂದರು. ರಜೆಗೆ, ಮುಂಗಡಕ್ಕೆ, ಸಮವಸ್ತ್ರಕ್ಕೆ ನಮ್ಮಲ್ಲಿ ಬೇರೆ ಬೇರೆ ಅರ್ಜಿಗಳಿದ್ದವು. ಇದಕ್ಕೆ ಇರಲಿಲ್ಲ.

ನಿನ್ನ ಹುಡುಗಿಯ ಪತ್ರದಲ್ಲೂ ‘ವೈಯಕ್ತಿಕ’ ಎಂದೇ ಇದೆಯೆಂದೆಯಲ್ಲ, ಆಗ ಅವರ ಮುಖವೇ ಕಣ್ಣಮುಂದೆ ಬಂತು. ಅವಳನ್ನು ಲೆಕ್ಕಕ್ಕೆಂದು ತೆಗೆದುಕೊಂಡವಳು ನೀನೇ. ಗ್ರಾಹಕರ ಕರೆಗಳನ್ನೂ ಬಾಕಿ ವಸೂಲಿಯನ್ನೂ ಅವಳೇ ನಿಭಾಯಿಸುತ್ತಾಳೆಂದು ಮೆಚ್ಚಿ ಹೇಳಿದವಳೂ ನೀನೇ. ಆ ಕೆಲಸಗಳು ಯಾವಾಗ, ಯಾರ ಮಾತಿನ ಮೇಲೆ ಅವಳದಾದವು? ಅದಕ್ಕೆ ಹುದ್ದೆಯಲ್ಲಾಗಲಿ ಸಂಬಳದಲ್ಲಾಗಲಿ ಏನು ಬದಲಾಯಿತು?

ಪ್ರತಿಯೊಂದು ಹುದ್ದೆಯ ಕೆಲಸವೇನು, ಅದು ಯಾರಿಗೆ ಉತ್ತರಿಸಬೇಕು, ಯಾವುದನ್ನು ಚೆನ್ನಾಗಿ ಮಾಡಿದರೆ ಚೆನ್ನಾಗಿ ಮಾಡಿದಂತೆ ಎಂಬುದನ್ನು ಬರೆದಿಡದೆ ನೇಮಕಾತಿಗೆ ಇಳಿಯಬೇಡ, ಏಕೆಂದರೆ ಸಂದರ್ಶನದ ಪ್ರಶ್ನೆ, ತರಬೇತಿ, ಸಂಬಳ, ಮೌಲ್ಯಮಾಪನ ಎಲ್ಲವೂ ಆ ಒಂದು ಹಾಳೆಯ ಮೇಲೆ ನಿಲ್ಲುತ್ತವೆ. ಅಭ್ಯರ್ಥಿಗಳೆಲ್ಲರಿಗೂ ಒಂದೇ ಪ್ರಶ್ನೆಗಳನ್ನು ಕೇಳಿ ಒಂದೇ ಅಳತೆಯಲ್ಲಿ ಅಂಕ ಕೊಡು. ಇಲ್ಲದಿದ್ದರೆ ನಿನ್ನಂತೆಯೇ ಮಾತನಾಡುವವರನ್ನು ಆರಿಸಿಕೊಳ್ಳುತ್ತೀಯ. (ಪಾಠ ಶುರುವಾಯಿತೆಂದು ಮುಖ ಸಿಂಡರಿಸಬೇಡ.)

ಸಂಬಳ ಹೆಚ್ಚಿಸಿದರೂ ನಿಲ್ಲಲಿಲ್ಲವೆಂಬುದರಲ್ಲಿ ಆಶ್ಚರ್ಯವೇನಿಲ್ಲ. ಸಂಬಳ ಕಡಿಮೆಯಾದರೆ ಅತೃಪ್ತಿ ಹುಟ್ಟುತ್ತದೆ, ಆದರೆ ಹೆಚ್ಚಿಸಿದ ಮಾತ್ರಕ್ಕೆ ಕೆಲಸದಲ್ಲಿ ಹುರುಪು ಹುಟ್ಟುವುದಿಲ್ಲ, ಮನ್ನಣೆ, ಜವಾಬ್ದಾರಿ, ಬೆಳವಣಿಗೆಗಳ ದಾರಿಯೇ ಬೇರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ 1959ರಲ್ಲೇ ವಾದಿಸಿದ್ದರು. ಅವರ ವಿಂಗಡಣೆಯನ್ನು ಒಪ್ಪದವರಿದ್ದಾರೆ. ನನ್ನ ಅನುಭವ ಮಾತ್ರ ಅವರ ಕಡೆಗಿದೆ. ಅದಕ್ಕೂ ಮೊದಲು ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ ನಡೆದ ಅಧ್ಯಯನದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಮಾತನಾಡಿಸಿದ್ದರು. ಸಿದ್ಧ ಪ್ರಶ್ನೆಗಳಿಂದ ಆರಂಭಿಸಿದವರು ಕ್ರಮೇಣ ಅವುಗಳನ್ನು ಬದಿಗಿಟ್ಟು, ಕಾರ್ಮಿಕರು ಹೇಳಬಯಸಿದ್ದನ್ನೇ ಕೇಳತೊಡಗಿದರು. ಆಯ್ಕೆಗೆ ಸಿದ್ಧ ಪ್ರಶ್ನೆ ಬೇಕು, ಅಹವಾಲಿಗೆ ಬೇಡ. ಈ ಎರಡನ್ನೂ ಬೆರೆಸಬೇಡ.

ನೋಟಿಸ್ ಅವಧಿ ಮುಗಿಯುವ ಮುನ್ನ ಅವಳೊಡನೆ ಒಮ್ಮೆ ಕುಳಿತುಕೋ. ಉಳಿಸಿಕೊಳ್ಳುವ ಚೌಕಾಸಿ ಬೇಡ, ಸಮರ್ಥನೆಯೂ ಬೇಡ. ಬರಬೇಕಾದ ಬಾಕಿಯನ್ನೂ ಅನುಭವ ಪತ್ರವನ್ನೂ ಅಲೆದಾಡಿಸದೆ ಕೊಡು. ದಿನವೂ ಅವಳು ನಿಜವಾಗಿ ಮಾಡುತ್ತಿದ್ದ ಕೆಲಸಗಳನ್ನು ಅವಳ ಬಾಯಿಂದಲೇ ಕೇಳಿ ಬರೆದುಕೊಂಡು, ಆ ಪಟ್ಟಿ ಕೈಗೆ ಬಂದ ಮೇಲಷ್ಟೇ ಜಾಹೀರಾತು ಕೊಡು. ಬಹುಶಃ ಅದು ಒಬ್ಬರ ಕೆಲಸವಲ್ಲ, ಇಬ್ಬರದು.

ನಿನ್ನ
ಅಮ್ಮ