ಪಟಾಕಿ ಕೇಸು ಹಬ್ಬಕ್ಕೆ ಮೊದಲೇ ಮುಗಿಯಲಿ

ಮಾನ್ಯ ಸಂಪಾದಕರೇ,

ದೀಪಾವಳಿ ಪಟಾಕಿಯ ಕುರಿತ ಕೋರ್ಟ್ ಆದೇಶಗಳು ಹಬ್ಬ ಬಾಗಿಲಿಗೆ ಬಂದಾಗಲೇ ಹೊರಬೀಳುವುದು ಸರಿಯಲ್ಲ.

2017ರಲ್ಲಿ ದೀಪಾವಳಿ ಇದ್ದದ್ದು ಅಕ್ಟೋಬರ್ 19ಕ್ಕೆ. ದೆಹಲಿ ಮತ್ತು ಸುತ್ತಮುತ್ತ ಪಟಾಕಿ ಮಾರುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅಕ್ಟೋಬರ್ 9ಕ್ಕೆ. ಅಷ್ಟರಲ್ಲಿ ವ್ಯಾಪಾರಿಗಳು ಸಾಲ ಮಾಡಿ ಸರಕು ತುಂಬಿಸಿರುತ್ತಾರೆ, ಅಲ್ವಾ? 2018ರಲ್ಲೂ ಅಷ್ಟೇ. ರಾತ್ರಿ 8ರಿಂದ 10ರವರೆಗೆ ಮಾತ್ರ, ಅದೂ ಹೊಗೆ ಕಡಿಮೆ ಬಿಡುವ ‘ಹಸಿರು ಪಟಾಕಿ’ ಎಂಬ ತೀರ್ಪು ಬಂದದ್ದು ಅಕ್ಟೋಬರ್ 23ರಂದು. ನರಕ ಚತುರ್ದಶಿಗೆ ಎಣ್ಣೆಸ್ನಾನ ಮಾಡಿ ಬೆಳಗಿನ ಜಾವವೇ ಪಟಾಕಿ ಹಚ್ಚುವ ಪದ್ಧತಿ ನಮ್ಮದು ಎಂದು ತಮಿಳುನಾಡು ಮತ್ತೆ ಕೋರ್ಟಿಗೆ ಹೋಯಿತು. ದಿನಕ್ಕೆ ಎರಡು ಗಂಟೆ ಮೀರದಂತೆ ಹೊತ್ತು ಬದಲಿಸಿಕೊಳ್ಳಲು ಅವಕಾಶ ಸಿಕ್ಕಿತು. ನಮ್ಮ ಕಡೆಯೂ ಅದೇ ಪದ್ಧತಿ ಇದೆಯಲ್ಲ!

ಹೊಗೆಗೆ ಕಡಿವಾಣ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಶಿವಕಾಶಿಯಲ್ಲಿ ಪಟಾಕಿ ತಯಾರಾಗುವುದು ವರ್ಷವಿಡೀ. ಕೊನೇ ಗಳಿಗೆಯ ಆದೇಶ ಅಲ್ಲಿನ ಕಾರ್ಮಿಕರಿಗೂ ತಿಳಿಯುವುದಿಲ್ಲ, ಇಲ್ಲಿನ ಪೊಲೀಸರಿಗೂ ಪಾಲಿಸಲು ಆಗುವುದಿಲ್ಲ. ಕಾಗದದ ಮೇಲಷ್ಟೇ ಉಳಿಯುತ್ತದೆ.

ಹಬ್ಬದ ತಾರೀಕು ವರ್ಷಕ್ಕೆ ಮೊದಲೇ ಪಂಚಾಂಗದಲ್ಲಿರುತ್ತದೆ. ಹಾಗಾಗಿ ಬೇಸಿಗೆ ರಜೆ ಮುಗಿದ ಕೂಡಲೇ ಕೋರ್ಟ್‌ಗಳು ಇಂಥ ಅರ್ಜಿಗಳನ್ನು ಕೈಗೆತ್ತಿಕೊಳ್ಳಲಿ. ರಾಜ್ಯ ಸರ್ಕಾರವೂ ಪಟಾಕಿ ಹಚ್ಚುವ ಹೊತ್ತು, ಮಾರಾಟದ ಜಾಗ ಎರಡನ್ನೂ ಗಣೇಶನ ಹಬ್ಬಕ್ಕೆ ಮುಂಚೆಯೇ ಪ್ರಕಟಿಸಲಿ.

– ಓದುಗ, ದಾವಣಗೆರೆ