ಇಂಗ್ಲಿಷ್ ಮೊದಲು ಕಿವಿಗೆ ಬೀಳಲಿ

ಮಾನ್ಯ ಸಂಪಾದಕರೇ,

ಮಕ್ಕಳ ಕೈಗೆ ಮೊಬೈಲ್ ಕೊಡಬಾರದು, ಮೊಬೈಲ್ ನೋಡಿ ಯಾರೂ ಇಂಗ್ಲಿಷ್ ಕಲಿತಿಲ್ಲ ಎಂದು ಓದುಗರೊಬ್ಬರು ಮೊನ್ನೆ ಇದೇ ಅಂಕಣದಲ್ಲಿ ಬರೆದಿದ್ದರು. ಮೊದಲ ಮಾತನ್ನು ನಾನೂ ಒಪ್ಪುತ್ತೇನೆ. ಎರಡನೆಯದಕ್ಕೆ ಉತ್ತರ ಕೊಡಬೇಕು ಅನ್ನಿಸಿತು. ಸಾಗರ ತಾಲ್ಲೂಕಿನ ಕನ್ನಡ ಮಾಧ್ಯಮದ ಹೈಸ್ಕೂಲೊಂದರಲ್ಲಿ 19 ವರ್ಷದಿಂದ ಇಂಗ್ಲಿಷ್ ಪಾಠ ಮಾಡುತ್ತಿದ್ದೇನೆ.

ಶರಾವತಿ ಹಿನ್ನೀರಿನ ದ್ವೀಪದ ಕಡೆಯಿಂದ ಬಂದು, ಹಾಸ್ಟೆಲ್‌ನಲ್ಲಿದ್ದು ಓದುವ ಮಕ್ಕಳು ನಮ್ಮಲ್ಲಿದ್ದಾರೆ. ಹೋದ ವರ್ಷ ಒಂಬತ್ತನೇ ಕ್ಲಾಸಿನ ಅಂಥ ಹುಡುಗಿಯೊಬ್ಬಳು ಎದ್ದು ನಿಂತು ಪಾಠ ಓದುವಾಗ ‘ಐಲ್ಯಾಂಡ್’ ಅನ್ನುವುದನ್ನು ‘ಇಸ್‌ಲ್ಯಾಂಡ್’ ಎಂದು ಓದಿದಳು. ದ್ವೀಪದಲ್ಲೇ ಹುಟ್ಟಿ ಬೆಳೆದವಳು! ಪುಸ್ತಕ ಈಸಿಕೊಂಡು ನೋಡಿದೆ. ಸಾಲು ಸಾಲಿನ ಮೇಲೂ ಪೆನ್ಸಿಲ್‌ನಲ್ಲಿ ಸಣ್ಣದಾಗಿ ಕನ್ನಡ ಅಕ್ಷರ. ‘ವೆಡ್ನೆಸ್‌ಡೇ’, ‘ಕೋಂಬ್’, ‘ಲಿಸ್ಟೆನ್’. ಅವಳದ್ದೇನೂ ತಪ್ಪಿಲ್ಲ. ಕನ್ನಡದಲ್ಲಿ ಬರೆದ ಹಾಗೇ ಓದುತ್ತೇವೆ. ಅದೇ ನಂಬಿಕೆಯಲ್ಲಿ ಇಂಗ್ಲಿಷನ್ನೂ ಓದಿದ್ದಾಳೆ. ಮನೆಯಲ್ಲಾಗಲಿ, ಅಂಗಡಿಯಲ್ಲಾಗಲಿ, ಬಸ್ಸಿನಲ್ಲಾಗಲಿ ಅವಳಿಗೆ ಇಂಗ್ಲಿಷ್ ಮಾತು ಕೇಳಿಸುವುದೇ ಇಲ್ಲ. ಕೇಳಿಸುವುದು ಕ್ಲಾಸಿನಲ್ಲಿ ನಾನು ಆಡುವ ನಾಲ್ಕು ಮಾತು ಅಷ್ಟೆ.

ಆ ನಾಲ್ಕು ಮಾತೂ ಸರಿ ಇರಬೇಕಲ್ಲ. ನಾನೂ ಕನ್ನಡ ಮಾಧ್ಯಮದಲ್ಲೇ ಓದಿದವಳು. ‘ಕಂಫರ್ಟೇಬಲ್’, ‘ವೆಜಿಟೇಬಲ್’ ಎಂದು ಕೊನೆಯಲ್ಲಿ ಟೇಬಲ್ ಸೇರಿಸಿಯೇ ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ. ಇಂಗ್ಲಿಷ್ ಕಲಿಯುವವರಿಗಾಗಿ ಬಿಬಿಸಿಯವರು ಮಾಡುವ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಾರ್ಯಕ್ರಮ ಕೇಳಲು ಶುರು ಮಾಡಿದ ಮೇಲೆ ಅದು ‘ಕಂಫ್‌ಟಬಲ್’, ‘ವೆಜ್‌ಟಬಲ್’ ಎಂದು ಗೊತ್ತಾಯಿತು. ಹಿಂದಕ್ಕೆ ಎಳೆದು ನಾಲ್ಕು ಸಲ ಕೇಳಿದೆ. ಮರುದಿನ ಕ್ಲಾಸಿನಲ್ಲಿ, ಇಷ್ಟು ದಿನ ನಾನು ತಪ್ಪು ಹೇಳಿಕೊಟ್ಟಿದ್ದೆ, ತಿದ್ದಿಕೊಳ್ಳಿ ಎಂದೆ.

‘ಐಲ್ಯಾಂಡ್’ ಎಂದು ತಿದ್ದಿದಾಗ ಆ ಹುಡುಗಿ ಸುಮ್ಮನಾಗಲಿಲ್ಲ. “ಹಾಗಾದ್ರೆ ಮಧ್ಯದಲ್ಲಿ ಎಸ್ ಯಾಕೆ ಬರೀತಾರೆ ಮೇಡಂ?” ಎಂದು ಕೇಳಿದಳು. ನನಗೂ ಗೊತ್ತಿರಲಿಲ್ಲ. ಪದಗಳ ಮೂಲ ಹೇಳುವ ನಿಘಂಟು ಇಂಟರ್ನೆಟ್‌ನಲ್ಲಿದೆ, ದುಡ್ಡು ಕೊಡಬೇಕಿಲ್ಲ. ರಾತ್ರಿ ಅದರಲ್ಲಿ ಹುಡುಕಿದೆ. ಹಳೆಯ ಇಂಗ್ಲಿಷ್ ಪದದಲ್ಲಿ ಎಸ್ ಇರಲೇ ಇಲ್ಲವಂತೆ. ದ್ವೀಪಕ್ಕೇ ‘ಐಲ್’ ಅನ್ನುವ ಇನ್ನೊಂದು ಪದವೂ ಇದೆ. ಅದು ಲ್ಯಾಟಿನ್‌ನ ‘ಇನ್ಸುಲಾ’ದಿಂದ ಫ್ರೆಂಚ್ ಮೂಲಕ ಬಂದದ್ದು. ಎರಡೂ ಒಂದೇ ಬೇರಿನವು ಅಂದುಕೊಂಡು ಓದಿದವರು ಯಾರೋ ಅದರ ಎಸ್ ತಂದು ಇದಕ್ಕೂ ಸೇರಿಸಿದರು. ಬರವಣಿಗೆಗೆ ಬಂತು, ಬಾಯಿಗೆ ಬರಲಿಲ್ಲ. ಇದನ್ನು ಹೇಳಿದಾಗ ಹಿಂದಿನ ಬೆಂಚಿನವರೂ ತಲೆ ಎತ್ತಿ ಕೇಳಿದರು. ‘ಡೆಟ್’ ಅಂದರೆ ಸಾಲ, ಅದರಲ್ಲಿ ಬಿ ಯಾಕಿದೆ ಅನ್ನುವ ಪ್ರಶ್ನೆ ವಾರದೊಳಗೆ ಅವರಿಂದಲೇ ಬಂತು.

ನಾನು ಮಾಡುವುದು ಇಷ್ಟೇ. ನಮ್ಮೂರಲ್ಲಿ ನೆಟ್‌ವರ್ಕ್ ನೆಚ್ಚಿಕೊಳ್ಳುವ ಹಾಗಿಲ್ಲ, ಮಳೆಗಾಲದಲ್ಲಂತೂ ಕೇಳಲೇಬೇಡಿ. ಕೊರೊನಾ ಕಾಲದಲ್ಲಿ ಕೊಡೆ ಹಿಡಿದು ಗುಡ್ಡದ ಮೇಲೆ ಕೂತ ಮಕ್ಕಳನ್ನು ನಾನೇ ನೋಡಿದ್ದೇನೆ. ಹಾಗಾಗಿ ಭಾನುವಾರ ಸಂತೆ ಸಾಮಾನಿಗೆ ಪೇಟೆಗೆ ಹೋದಾಗಲೇ ವಾರದ ಪಾಠ ಡೌನ್‌ಲೋಡ್ ಮಾಡಿಕೊಳ್ಳುತ್ತೇನೆ. ಕ್ಲಾಸಿಗೆ 800 ರೂಪಾಯಿಯ ಒಂದು ಸ್ಪೀಕರ್ ತಂದಿದ್ದೇನೆ. ಮಕ್ಕಳ ಕೈಯಲ್ಲಿ ಮೊಬೈಲ್ ಇರಬೇಕಾಗಿಯೇ ಇಲ್ಲ. ಮೊದಲ ಸಲ ಸುಮ್ನೆ ಕೇಳಬೇಕು, ಪುಸ್ತಕ ಮುಚ್ಚಿ. ಎರಡನೇ ಸಲ ಅದರ ಬರಹ ನೋಡುತ್ತಾ ಕೇಳಬೇಕು. ಆಮೇಲೆ ಇಬ್ಬಿಬ್ಬರೇ ಹೇಳಿ ನೋಡಬೇಕು.

ಬಿಬಿಸಿಯದ್ದನ್ನೇ ಮೊದಲು ಹಾಕಿ ನಾನು ತಪ್ಪು ಮಾಡಿದೆ. “ಮೇಡಂ, ಜೇನುಹುಳ ಗುಂಯ್ ಅಂದಂಗೆ ಕೇಳ್ತದೆ” ಎಂದ ಒಬ್ಬ ಹುಡುಗ. ಆಗ ಅಮೆರಿಕ ಸರ್ಕಾರದ ಪ್ರಸಾರ ಸಂಸ್ಥೆ ವಾಯ್ಸ್ ಆಫ್ ಅಮೆರಿಕದ ಹಳೆಯ ಇಂಗ್ಲಿಷ್ ಪಾಠಗಳಿಗೆ ಬಂದೆ. ಅವರ ಈ ಸರಳ ಇಂಗ್ಲಿಷ್ ಕಾರ್ಯಕ್ರಮ 1959ರಲ್ಲಿ ರೇಡಿಯೊದಲ್ಲಿ ಶುರುವಾದದ್ದು. ಸುಮಾರು 1,500 ಪದಗಳೊಳಗೆ, ಸಣ್ಣ ವಾಕ್ಯಗಳಲ್ಲಿ, ನಿಧಾನವಾಗಿ ಓದುತ್ತಾರೆ. ಇದು ಮಕ್ಕಳಿಗೆ ಹಿಡಿಸಿತು. ಓದಲು ತೀರಾ ಕಷ್ಟಪಡುವವರಿಗೆ ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ವೆಬ್‌ಸೈಟ್ ಇದೆ. ಅಲ್ಲಿ ಒಂದೇ ಕಥೆ, ಅದೇ ಚಿತ್ರಗಳೊಂದಿಗೆ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಸಿಗುತ್ತದೆ. ಮೊದಲು ಕನ್ನಡದ್ದು ಓದಿಸುತ್ತೇನೆ. ಕಥೆ ಗೊತ್ತಿದ್ದರೆ ಇಂಗ್ಲಿಷ್ ಹೆದರಿಸುವುದಿಲ್ಲ. ತಮ್ಮದೇ ವಾಕ್ಯ ಬರೆಯುವಾಗ ಮನಸ್ಸಿಗೆ ಮೊದಲು ಬರುವುದು ಕನ್ನಡ ಪದವೇ ಅಲ್ವಾ? ಅದಕ್ಕೆ ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಮಾಡಿದ ‘ಅಲರ್’ ಕನ್ನಡ-ಇಂಗ್ಲಿಷ್ ನಿಘಂಟಿದೆ. ಒಂದೂವರೆ ಲಕ್ಷದಷ್ಟು ಪದಗಳ ಆ ನಿಘಂಟು 2019ರಿಂದ ಎಲ್ಲರಿಗೂ ಪುಕ್ಕಟೆ ಸಿಗುತ್ತಿದೆ. ಆ ದ್ವೀಪದ ಹುಡುಗಿ ತನ್ನ ಊರಿನ ಬಗ್ಗೆ, ಲಾಂಚ್ ಬಗ್ಗೆ ಹತ್ತು ಸಾಲು ಬರೆದಳು. ವ್ಯಾಕರಣದ ತಪ್ಪು ಇತ್ತು. ಆದರೆ ಗೈಡ್‌ನಿಂದ ಎತ್ತಿದ ಒಂದು ಸಾಲೂ ಇರಲಿಲ್ಲ.

ಇಷ್ಟೆಲ್ಲ ಪುಕ್ಕಟೆ ಇರುವಾಗ ನಮ್ಮೂರಿನ ಅಡಿಕೆ ಸುಲಿಯುವ ತಾಯಿಯೊಬ್ಬರು, ‘30 ದಿನದಲ್ಲಿ ಇಂಗ್ಲಿಷ್’ ಎಂಬ ಜಾಹೀರಾತು ನಂಬಿ ಮಗನಿಗಾಗಿ 4,000 ರೂಪಾಯಿ ಕಟ್ಟಿದರು. ಎರಡು ವಾರ ವಿಡಿಯೊ ಬಂತು, ಆಮೇಲೆ ಫೋನ್ ಎತ್ತುವವರೇ ಇಲ್ಲ. ಆ ತಾಯಿಗೆ ಅದು ಎಷ್ಟು ದಿನದ ಕೂಲಿ ಎಂದು ನೆನೆದರೆ ಈಗಲೂ ಸಂಕಟ ಆಗುತ್ತದೆ.

ಶಿಕ್ಷಣ ಇಲಾಖೆಗೆ ನನ್ನ ಕೋರಿಕೆ ಎರಡು. ಸ್ಟೋರಿವೀವರ್ ಕಥೆಗಳನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದು, ಹೆಸರು ಹೇಳಿದರೆ ಸಾಕು. ವಾಯ್ಸ್ ಆಫ್ ಅಮೆರಿಕ ತಾನೇ ತಯಾರಿಸಿದ ಪಾಠಗಳಿಗೂ ಹಕ್ಕಿನ ತೊಡಕಿಲ್ಲ. ಇಂಥವನ್ನು ತರಗತಿವಾರು ಆರಿಸಿ ಒಂದು ಪೆನ್ ಡ್ರೈವ್‌ಗೆ ಹಾಕಿ, ಜೂನ್‌ನಲ್ಲಿ ಪಠ್ಯಪುಸ್ತಕದ ಜೊತೆಗೇ ಎಲ್ಲ ಶಾಲೆಗೂ ಕಳಿಸಿ. ಎಸ್ಸೆಸ್ಸೆಲ್ಸಿಯಲ್ಲಿ ದ್ವಿತೀಯ ಭಾಷೆಗೆ 80 ಅಂಕದ ಬರವಣಿಗೆ ಪರೀಕ್ಷೆ, ಶಾಲೆಯಲ್ಲಿ ಕೊಡುವ ಆಂತರಿಕ ಅಂಕ 20. ಆ 20ರಲ್ಲಿ ಐದನ್ನಾದರೂ ಕೇಳಿ ಅರ್ಥ ಮಾಡಿಕೊಳ್ಳುವುದಕ್ಕೇ ಮೀಸಲಿಡಿ. ಅಂಕ ಇದೆ ಅಂದರೆ ಸ್ಪೀಕರ್ ಎಲ್ಲ ಕ್ಲಾಸಿಗೂ ಬರುತ್ತದೆ.

ಇಂತಿ,
ಹೈಸ್ಕೂಲ್ ಇಂಗ್ಲಿಷ್ ಶಿಕ್ಷಕಿ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ